ಟವರ್ ಸತ್ತಾಗ ಇಮೇಲ್: ಪ್ಯಾಕೆಟ್ ರೇಡಿಯೊ ಕುರಿತು ನಮ್ಮ ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಮಳೆ ಹಿಡಿಯುವ ಮೊದಲೇ ಕೇಳಬೇಕಾದದ್ದನ್ನು ಕೇಳಿಬಿಡಿ. ಹವ್ಯಾಸಿ ರೇಡಿಯೊದಲ್ಲಿ ಇಮೇಲ್ ಕಳುಹಿಸುವ ಬಗ್ಗೆ ಮಡಿಕೇರಿಯಲ್ಲಿ ವೈರ್‌ಲೆಸ್ ಉಪಕರಣ ದುರಸ್ತಿ ಮಾಡುವ ನಮ್ಮ ತಂತ್ರಜ್ಞರು ಉತ್ತರಿಸುತ್ತಾರೆ. ಹೆಸರಿನ ಬದಲು ಊರು ಬರೆದರೆ ಸಾಕು.

ಗೋಣಿಕೊಪ್ಪ: ನಮಸ್ಕಾರ ಸರ್. ಇಂಟರ್ನೆಟ್ ಇಲ್ಲದೆ ಇಮೇಲ್ ಹೇಗೆ ಹೋಗುತ್ತದೆ?

ತಂತ್ರಜ್ಞರು: ನಮಸ್ಕಾರ. ಇಂಟರ್ನೆಟ್ ನಿಮ್ಮ ಮನೆಯಲ್ಲಿರಬೇಕಾಗಿಲ್ಲ, ರೇಡಿಯೊ ತಲುಪುವ ದೂರದಲ್ಲಿ ಯಾರ ಬಳಿಯಾದರೂ ಇದ್ದರೆ ಸಾಕು. ಕಂಪ್ಯೂಟರ್ ನಿಮ್ಮ ಪತ್ರವನ್ನು ತುಂಡುಗಳಾಗಿ ಕತ್ತರಿಸುತ್ತದೆ. ಪ್ಯಾಕೆಟ್ ಎಂದರೆ ಈ ತುಂಡುಗಳೇ. ಮೋಡೆಮ್ ಆ ತುಂಡುಗಳನ್ನು 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳಾಗಿ ಮಾಡಿ ರೇಡಿಯೊಗೆ ಕೊಡುತ್ತದೆ. ಆ ಕಡೆಯ ಸ್ಟೇಷನ್ ಪ್ರತಿ ತುಂಡನ್ನೂ ತಪಾಸಣೆ ಮಾಡಿ, ಸರಿಯಿದ್ದರೆ ಸ್ವೀಕೃತಿ ಕಳುಹಿಸುತ್ತದೆ. ಸ್ವೀಕೃತಿ ಬಾರದಿದ್ದರೆ ನಿಮ್ಮ ಯಂತ್ರ ಅದೇ ತುಂಡನ್ನು ಮತ್ತೆ ಕಳುಹಿಸುತ್ತದೆ. ಈ ನಿಯಮಾವಳಿಯ ಹೆಸರು ಎಎಕ್ಸ್.25. ಆ ಕಡೆಯ ಸ್ಟೇಷನ್ನಿಗೆ ಇಂಟರ್ನೆಟ್ ಇದ್ದರೆ ಅದೇ ಗೇಟ್‌ವೇ. ವಿನ್‌ಲಿಂಕ್ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಕಾಲ್‌ಸೈನೇ, ಅಂದರೆ ಪರವಾನಗಿಯ ಜೊತೆ ಸಿಗುವ ಕರೆಗುರುತೇ, ನಿಮ್ಮ ಇಮೇಲ್ ವಿಳಾಸವಾಗುತ್ತದೆ.

ಕುಶಾಲನಗರ: ಇದಕ್ಕೆ ಲೈಸೆನ್ಸ್ ಬೇಕೇ ಸರ್?

ತಂತ್ರಜ್ಞರು: ಬೇಕು. ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ ಬರೆದು ಪಾಸಾಗಬೇಕು. ಸೆಟ್ ಕೊಳ್ಳುವುದು ಅದರ ನಂತರ.

ಸುಂಟಿಕೊಪ್ಪ: ತೋಟದ ಫೋಟೋ ಕಳುಹಿಸಬಹುದೇ? ಹಾಗೆಯೇ ಕಾಫಿ ಲೋಡಿನ ವಿವರವನ್ನು ಕ್ಯೂರಿಂಗ್ ಘಟಕಕ್ಕೆ ತಿಳಿಸಬಹುದೇ?

ತಂತ್ರಜ್ಞರು: ಮೊಬೈಲಿನ 3 ಎಂಬಿ ಫೋಟೋ ಆಗುವುದಿಲ್ಲ. ಈ ಮೋಡೆಮ್ಮಿನ ವೇಗ ಸೆಕೆಂಡಿಗೆ 1200 ಬಿಟ್, ಅಂದರೆ ಹೆಚ್ಚೆಂದರೆ 150 ಬೈಟ್. ಒಂದು ತಪ್ಪೂ ಇಲ್ಲದೆ ಹೋದರೂ ಐದೂವರೆ ಗಂಟೆ ಬೇಕು. ವಿನ್‌ಲಿಂಕ್ 120 ಕೆಬಿ ಮೀರಿದ್ದನ್ನು ಸ್ವೀಕರಿಸುವುದೂ ಇಲ್ಲ. ಕಾಫಿ ಲೋಡು ವ್ಯಾಪಾರದ ವಿಷಯ. ಹವ್ಯಾಸಿ ರೇಡಿಯೊದಲ್ಲಿ ವ್ಯಾಪಾರ ನಿಷಿದ್ಧ.

ಪೊನ್ನಂಪೇಟೆ: ಹಳೆಯ ಸೆಟ್ ಕೊಂಡರೆ ಎಷ್ಟಾಗಬಹುದು ಸರ್?

ಕಾಲೂರು: ಸರ್, ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರಿಸಬೇಡಿ. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಏನಾಯಿತೆಂದು ನಿಮಗೆ ಗೊತ್ತು. ಗುಡ್ಡ ಕುಸಿದು ರಸ್ತೆ, ಕರೆಂಟು, ಮೊಬೈಲು ಎಲ್ಲವೂ ಒಟ್ಟಿಗೆ ಹೋದವು. ಅಮ್ಮನಿಗೆ ದಿನವೂ ಇನ್ಸುಲಿನ್ ಬೇಕು. ಆ ಭಯಕ್ಕೇ ಓದಿ ಜನರಲ್ ಗ್ರೇಡ್ ಪರವಾನಗಿ ಪಡೆದೆ. ಈಗ 5 ವ್ಯಾಟ್‌ನ ಕೈ ಸೆಟ್, ಲ್ಯಾಪ್‌ಟಾಪ್, ಮೋಡೆಮ್ಮಿನ ಕೆಲಸ ಮಾಡುವ ಡೈರ್ ವುಲ್ಫ್ ತಂತ್ರಾಂಶ ಇವೆ. ಮಡಿಕೇರಿಯಲ್ಲಿರುವ ಪರವಾನಗಿದಾರ ಗೆಳೆಯನ ಸ್ಟೇಷನ್ನಿಗೆ ಸಂಪರ್ಕ ಸಿಗುತ್ತದೆ, ಒಂದೆರಡು ಸಾಲು ಬರುತ್ತವೆ. ಪತ್ರ ಹೊರಟೊಡನೆ ಅದೇ ತುಂಡು ಮತ್ತೆ ಮತ್ತೆ ಹೋಗಿ ಕೊನೆಗೆ ಸಂಪರ್ಕ ಕಡಿಯುತ್ತದೆ. ನಡುವೆ ಗುಡ್ಡದ ಸಾಲಿದೆ. ಸೆಟ್ಟಿನದೇ ಆಂಟೆನಾ, ಜಗಲಿಯಲ್ಲಿ ಕುಳಿತು ಕಳುಹಿಸುತ್ತೇನೆ. ಮೈಸೂರಿನಲ್ಲಿರುವ ಅಣ್ಣನಿಗೆ ಒಂದು ಪತ್ರ ತಲುಪಿದರೆ ಸಾಕು.

ತಂತ್ರಜ್ಞರು: ಬೇಸರವಿಲ್ಲ. ಇಂಥ ಪ್ರಶ್ನೆಗಾಗಿಯೇ ಇಲ್ಲಿ ಕುಳಿತಿದ್ದೇನೆ.

ಸಣ್ಣದು ದಾಟುತ್ತದೆ, ಉದ್ದದ್ದು ಬೀಳುತ್ತದೆ ಎಂದಿರಿ. ಅರ್ಧ ರೋಗ ಅಲ್ಲಿಯೇ ತಿಳಿಯಿತು. ಎಎಕ್ಸ್.25ರಲ್ಲಿ ತಪ್ಪನ್ನು ತಿದ್ದಿಕೊಳ್ಳುವ ಏರ್ಪಾಡಿಲ್ಲ, ತಪ್ಪನ್ನು ಹಿಡಿಯುವ ಏರ್ಪಾಡು ಮಾತ್ರ ಇದೆ. ಒಂದೇ ಒಂದು ಬಿಟ್ ಕೆಟ್ಟರೂ ಇಡೀ ತುಂಡು ಕಸ. 256 ಬೈಟಿನ ತುಂಡು ಗಾಳಿಯಲ್ಲಿ ಸುಮಾರು ಎರಡು ಸೆಕೆಂಡು ಇರುತ್ತದೆ. ಗುಡ್ಡಕ್ಕೆ ಬಡಿದು ಬರುವ ನಿಮ್ಮ ದುರ್ಬಲ ಸಿಗ್ನಲ್ ಅಷ್ಟು ಹೊತ್ತು ಒಂದೇ ಸಮ ನಿಲ್ಲುವುದಿಲ್ಲ. ತುಂಡಿನ ಗಾತ್ರವನ್ನು 64 ಬೈಟಿಗೆ ಇಳಿಸಿ, ಒಂದು ಬಾರಿಗೆ ಒಂದೇ ತುಂಡು ಹೋಗುವಂತೆ ಮಾಡಿ. ನಿಧಾನವಾಗುತ್ತದೆ, ಆದರೆ ತಲುಪುತ್ತದೆ.

ಇನ್ನು ಸೆಟ್ಟು. ಬ್ಯಾಟರಿ ಉಳಿತಾಯದ ಆಯ್ಕೆಯನ್ನು ತೆಗೆಯಿರಿ. ಅದು ಇದ್ದರೆ ರಿಸೀವರ್ ನಡುನಡುವೆ ನಿದ್ದೆ ಹೋಗುತ್ತದೆ, ಸ್ವೀಕೃತಿಯ ತುಂಡು ಬಂದದ್ದೇ ಗೊತ್ತಾಗುವುದಿಲ್ಲ. ದುರ್ಬಲ ಸದ್ದನ್ನು ಮುಚ್ಚಿಡುವ ಸ್ಕ್ವೆಲ್ಚ್ ಅನ್ನು ಪೂರ್ತಿ ತೆರೆದಿಡಿ. ಧ್ವನಿಯಿಂದ ತಾನಾಗಿ ಚಾಲೂ ಆಗುವ ವಾಕ್ಸ್ ಸೌಲಭ್ಯವನ್ನು ನಂಬಿದ್ದರೆ ಅದನ್ನೂ ಬಿಡಿ. ಸ್ವರ ನಿಂತ ಮೇಲೂ ಅದು ಸೆಟ್ಟನ್ನು ಪ್ರಸಾರದಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟರಲ್ಲಿ ಆ ಕಡೆಯ ಉತ್ತರ ಬಂದು ಹೋಗಿರುತ್ತದೆ. ಪ್ರಸಾರದ ಗುಂಡಿಯನ್ನು ಕಂಪ್ಯೂಟರೇ ಒತ್ತುವಂತಹ ಕೇಬಲ್ ಹಾಕಿ. ಗುಂಡಿ ಒತ್ತಿದ ಮೇಲೆ ಮಾಹಿತಿ ಹೊರಡುವ ಮುನ್ನ 300 ಮಿಲಿಸೆಕೆಂಡ್ ಬಿಡುವಿರಲಿ. ಲ್ಯಾಪ್‌ಟಾಪಿನ ಧ್ವನಿಮಟ್ಟವನ್ನು ಪೂರ್ತಿ ಏರಿಸಿದ್ದೀರೆಂದು ನನ್ನ ಊಹೆ. ಇಳಿಸಿ. ಸ್ವರ ಒಡೆದರೆ ಎಷ್ಟು ಜೋರಾಗಿದ್ದರೂ ಆ ಕಡೆ ಅಕ್ಷರವಾಗುವುದಿಲ್ಲ.

ಜಗಲಿ ಬಿಟ್ಟು ಹೊರಗೆ ಬನ್ನಿ. 145 ಮೆಗಾಹರ್ಟ್ಸ್‌ಗೆ ಕಾಲು ತರಂಗವೆಂದರೆ 49 ಸೆಂಟಿಮೀಟರ್. ಒಂದು ನಿಂತ ಕಡ್ಡಿ, ಕೆಳಗೆ ನಾಲ್ಕು ಬಾಗಿದ ಕಡ್ಡಿ, ಒಳ್ಳೆಯ ಕೇಬಲ್, ಮನೆಯ ಮಾಡಿಗಿಂತ ಎತ್ತರದ ಕಂಬ. ಇಷ್ಟು ಮಾಡಿದರೆ ಅದೇ 5 ವ್ಯಾಟ್ ಬೇರೆಯದೇ ಸೆಟ್ಟಿನಂತೆ ಕೆಲಸ ಮಾಡುತ್ತದೆ.

ಇದೆಲ್ಲ ಆದರೂ ಗುಡ್ಡ ಬಿಡದಿದ್ದರೆ 7 ಮೆಗಾಹರ್ಟ್ಸ್‌ಗೆ ಹೋಗಿ. ಒಟ್ಟು 20 ಮೀಟರ್ ತಂತಿಯ ಡೈಪೋಲ್ ಆಂಟೆನಾವನ್ನು ತೋಟದ ಸಿಲ್ವರ್ ಓಕ್ ಮರಗಳ ನಡುವೆ ನಾಲ್ಕೈದು ಮೀಟರ್ ಎತ್ತರದಲ್ಲಿ ಕಟ್ಟಿ. ಅಷ್ಟು ತಗ್ಗಿನಲ್ಲಿ ಕಟ್ಟಿದ ತಂತಿಯ ಸಿಗ್ನಲ್ ನೇರವಾಗಿ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ನೂರಾರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ನಡುವೆ ಎಷ್ಟು ಬೆಟ್ಟಗಳಿದ್ದರೂ ಅದಕ್ಕೆ ಲೆಕ್ಕವಿಲ್ಲ. ಹಗಲು 7, ರಾತ್ರಿ 3.5 ಮೆಗಾಹರ್ಟ್ಸ್. ಅಲ್ಲಿ 1200 ಬಿಟ್ ವೇಗದ ಪ್ಯಾಕೆಟ್ ನಡೆಯುವುದಿಲ್ಲ, ಆರ್ಡಾಪ್ ಅಥವಾ ವಾರಾ ಎಂಬ ಮೋಡೆಮ್ ತಂತ್ರಾಂಶ ಬಳಸಬೇಕು. ಎರಡೂ ವಿನ್‌ಲಿಂಕ್‌ನೊಂದಿಗೆ ಹೊಂದುತ್ತವೆ. ಗೇಟ್‌ವೇ ಇಲ್ಲದೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ನೇರವಾಗಿಯೂ ಪತ್ರ ಕಳುಹಿಸಬಹುದು.

ಈಗ ನನಗೆ ಚಿಂತೆಯ ಮಾತು. ಪತ್ರ ಹೋಯಿತು ಎಂದು ಪರದೆಯ ಮೇಲೆ ಬಂದರೆ ಅದು ಗೇಟ್‌ವೇ ತಲುಪಿದೆ ಎಂದಷ್ಟೇ ಅರ್ಥ. ನಿಮ್ಮ ಅಣ್ಣ ಅದನ್ನು ತೆರೆದರೋ ಇಲ್ಲವೋ ಯಾವ ಯಂತ್ರವೂ ಹೇಳುವುದಿಲ್ಲ. ಅವರು ಉತ್ತರಿಸಿದರೂ ಅದು ತಾನಾಗಿ ನಿಮ್ಮಲ್ಲಿಗೆ ಬರುವುದಿಲ್ಲ, ನೀವೇ ಮತ್ತೆ ಸಂಪರ್ಕಿಸಿ ತರಿಸಿಕೊಳ್ಳಬೇಕು. ಆದ್ದರಿಂದ ಪ್ರಾಣದ ವಿಷಯಕ್ಕೆ ಮೊದಲು ಮಾತು, ಆಮೇಲೆ ಪತ್ರ. ಕೇಳುವವರು ಇಂಥ ಗಂಟೆಗೆ ಇಂಥ ತರಂಗಾಂತರದಲ್ಲಿ ಇರುತ್ತಾರೆಂದು ಈಗಲೇ ಗೊತ್ತುಮಾಡಿಕೊಳ್ಳಿ. ಔಷಧದ ಹೆಸರು, ಪ್ರಮಾಣ, ಮನೆಯಲ್ಲಿರುವವರ ಪಟ್ಟಿ, ಇವಕ್ಕೆ ಪತ್ರ ಒಳ್ಳೆಯದು. ಬಾಯಲ್ಲಿ ಹೇಳಿದರೆ ತಪ್ಪಾಗುವಂಥವು ಅವು. ಇನ್ಸುಲಿನ್ ಎಷ್ಟು ಮುಂಚಿತವಾಗಿ ತಂದಿಡಬಹುದು, ಕರೆಂಟಿಲ್ಲದಾಗ ಹೇಗೆ ತಂಪಾಗಿಡಬೇಕು ಎಂದು ವೈದ್ಯರನ್ನು ಈ ವಾರವೇ ಕೇಳಿ. ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಮಣ್ಣಿನ ಇಳಿಜಾರಿನಲ್ಲಿ, ಹೊಸ ಬಿರುಕು ಕಂಡರೆ, ಇಲ್ಲದ ಕಡೆ ನೀರು ಉಕ್ಕಿದರೆ, ತೋಡಿನ ನೀರು ಏಕಾಏಕಿ ಕೆಸರಾದರೆ, ಲ್ಯಾಪ್‌ಟಾಪನ್ನು ಮುಟ್ಟಬೇಡಿ. ಅಮ್ಮನನ್ನು ಕರೆದುಕೊಂಡು ಹೊರಡಿ.

ಕಾಲೂರು: ತುಂಬಾ ಉಪಕಾರವಾಯಿತು ಸರ್. ಧ್ವನಿಮಟ್ಟ ಪೂರ್ತಿ ಏರಿಸಿಯೇ ಇಟ್ಟಿದ್ದೆ.

ಶನಿವಾರಸಂತೆ: ಸರ್, ಲೈಸೆನ್ಸ್ ಬೇಕೇ?

ತಂತ್ರಜ್ಞರು: ಬೇಕು. ಮೇಲೆ ಬರೆದಿದ್ದೇನೆ.

ಮೂರ್ನಾಡು: ಇದು ನನಗೆ ಬಂದದ್ದು, ಎಲ್ಲರಿಗೂ ಉಪಯೋಗವಾಗಲಿ. "ಟವರ್ ಇಲ್ಲದಾಗ ರೇಡಿಯೊದ ಆಂಟೆನಾ ತಂತಿಯನ್ನು ವಿದ್ಯುತ್ ಕಂಬದ ನ್ಯೂಟ್ರಲ್ ತಂತಿಗೆ ಸೇರಿಸಿದರೆ ನೂರು ಕಿಲೋಮೀಟರ್ ಸಿಗುತ್ತದೆ. ಕರೆಂಟ್ ಹೋಗಿರುವಾಗ ಅಪಾಯವಿಲ್ಲ. ಎಲ್ಲರಿಗೂ ಹಂಚಿ."

ತಂತ್ರಜ್ಞರು: ಇದನ್ನು ಯಾರೂ ಮಾಡಕೂಡದು. ಕರೆಂಟ್ ಹೋದ ತಂತಿ ಸತ್ತ ತಂತಿಯಲ್ಲ. ಪಕ್ಕದ ತೋಟದಲ್ಲಿ ಯಾರೋ ಜನರೇಟರನ್ನು ಸರಿಯಾಗಿ ಬೇರ್ಪಡಿಸದೆ ಹಾಕಿದ್ದರೆ ಅದೇ ತಂತಿಯಲ್ಲಿ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಬಿದ್ದ ಮರದಡಿ ತಂತಿಗಳು ಒಂದಕ್ಕೊಂದು ತಾಗಿರುತ್ತವೆ. ಮುಟ್ಟಿದವರು ಉಳಿಯುವುದಿಲ್ಲ. ಎಲ್ಲರಿಗೂ ಹಂಚಿ ಎಂದು ಬರೆದವನು ಕಂಬ ಹತ್ತುವುದಿಲ್ಲ, ಓದಿದ ಹುಡುಗ ಹತ್ತುತ್ತಾನೆ. ದಯವಿಟ್ಟು ಅಳಿಸಿ.

ಮೂರ್ನಾಡು: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ.

ತಂತ್ರಜ್ಞರು: ಹಾಕಿದವರು ನೀವೇ. ಅಳಿಸಿ.

ಸಿದ್ದಾಪುರ: 5ಜಿ ಕಾಲದಲ್ಲಿ ಸೆಕೆಂಡಿಗೆ 150 ಬೈಟ್ ಏಕೆ? ಸ್ಯಾಟಲೈಟ್ ಫೋನ್ ತರಿಸಿಕೊಂಡರೆ ಆಗದೇ? ಗಲ್ಫ್‌ನಲ್ಲಿರುವ ಸಂಬಂಧಿಕರು ತಂದುಕೊಡುತ್ತಾರೆ.

ತಂತ್ರಜ್ಞರು: ತರಿಸಬೇಡಿ. ಥುರಾಯಾ ಮತ್ತು ಇರಿಡಿಯಂ ಫೋನ್‌ಗಳಿಗೆ ನಮ್ಮ ದೇಶದಲ್ಲಿ ನಿಷೇಧವಿದೆ. ವಿಮಾನ ನಿಲ್ದಾಣದಲ್ಲಿಯೇ ಕೇಸಾಗುತ್ತದೆ.

ನಾಪೋಕ್ಲು: ಸಿದ್ದಾಪುರದವರೇ, ನಿಮ್ಮ 5ಜಿ ಟವರಿಗೂ ಡೀಸೆಲ್ ಬೇಕು. ರಸ್ತೆ ಕಡಿದ ಮೇಲೆ ಅದನ್ನು ಯಾರು ಹೊತ್ತು ತರುತ್ತಾರೆ?

ವಿರಾಜಪೇಟೆ: ಇಷ್ಟೆಲ್ಲ ಕಷ್ಟವೇಕೆ? ತಡಿಯಂಡಮೋಳ್ ಬೆಟ್ಟದ ಮೇಲೆ ಪ್ಯಾಕೆಟ್ ಮರುಪ್ರಸಾರದ ಒಂದು ಪೆಟ್ಟಿಗೆ, ಡಿಜಿಪೀಟರ್, ಇಟ್ಟರೆ ಇಡೀ ಜಿಲ್ಲೆಗೆ ಆಗುತ್ತದೆ. 1748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರ ಬೇರೆ ಇಲ್ಲ.

ಸೋಮವಾರಪೇಟೆ: ನಿಮಗೆ ಆಗುತ್ತದೆ, ನಮಗಲ್ಲ. 2018ರಲ್ಲಿ ಹೆಚ್ಚು ಪೆಟ್ಟು ತಿಂದದ್ದು ಈ ಕಡೆಯ ಗುಡ್ಡಗಳು. ಪುಷ್ಪಗಿರಿಯ ಮೇಲಿಡಬೇಕು, ಅದೂ 1712 ಮೀಟರ್.

ವಿರಾಜಪೇಟೆ: ಪುಷ್ಪಗಿರಿ ವನ್ಯಜೀವಿಧಾಮ. ಮೊಳೆ ಹೊಡೆಯಲು ಬಿಡುವುದಿಲ್ಲ. 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿಲ್ಲವೇ? ಅದು ನಮ್ಮ ತಾಲ್ಲೂಕು.

ಸೋಮವಾರಪೇಟೆ: ಸಾವಿನಲ್ಲಿಯೂ ತಾಲ್ಲೂಕು ಎಣಿಸುತ್ತೀರಾ?

ವಿರಾಜಪೇಟೆ: ಎಣಿಸಲು ಆರಂಭಿಸಿದ್ದು ಯಾರು? ಮೇಲೆ ಓದಿ.

ನಾಪೋಕ್ಲು: ಭಾಗಮಂಡಲದವರನ್ನು ಇಬ್ಬರೂ ಕೇಳಲಿಲ್ಲ. 2020ರಲ್ಲಿ ತಲಕಾವೇರಿಯ ಬೆಟ್ಟವೇ ಕುಸಿಯಿತು.

ತಂತ್ರಜ್ಞರು: ಮೂವರೂ ನಿಲ್ಲಿಸಿ. ತುದಿಯಲ್ಲಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದೇ ತಪ್ಪು. ಪ್ಯಾಕೆಟ್‌ನಲ್ಲಿ ಎಲ್ಲರೂ ಒಂದೇ ತರಂಗಾಂತರವನ್ನು ಹಂಚಿಕೊಳ್ಳುತ್ತಾರೆ, ಖಾಲಿ ಇದೆಯೇ ಎಂದು ಕೇಳಿಸಿಕೊಂಡು ಕಳುಹಿಸುತ್ತಾರೆ. ಮಾದಾಪುರದ ಕಣಿವೆಯವರಿಗೆ ನಾಪೋಕ್ಲುವಿನವರು ಕೇಳಿಸುವುದಿಲ್ಲ, ತುದಿಯಲ್ಲಿರುವ ಪೆಟ್ಟಿಗೆಗೆ ಇಬ್ಬರೂ ಕೇಳಿಸುತ್ತಾರೆ. ಇಬ್ಬರೂ ಒಟ್ಟಿಗೆ ಕಳುಹಿಸಿದರೆ ಎರಡೂ ತುಂಡು ಹಾಳು. ಎತ್ತರ ಹೆಚ್ಚಿದಷ್ಟೂ ಈ ಡಿಕ್ಕಿ ಹೆಚ್ಚು. ಡಿಜಿಪೀಟರ್ ಕೇಳಿದ್ದನ್ನು ಮರುಪ್ರಸಾರ ಮಾಡುತ್ತದೆ ಅಷ್ಟೆ, ಸ್ವೀಕೃತಿ ಕೊನೆಯ ಸ್ಟೇಷನ್ನಿನಿಂದಲೇ ವಾಪಸು ಬರಬೇಕು. ಪ್ರತಿ ಹಂತದಲ್ಲಿಯೂ ಸ್ವೀಕೃತಿ ಪಡೆಯುವ ನೋಡ್‌ಗಳು ಬೇಕು, ತಗ್ಗಿನ ಗುಡ್ಡಗಳಲ್ಲಿ, ಕಣಿವೆಗೊಂದರಂತೆ. ಆಗಸ್ಟಿನಲ್ಲಿ ಕೆಟ್ಟರೆ ನಡೆದು ಹೋಗಿ ಸರಿಮಾಡುವಂತಹ ಜಾಗವಾಗಿರಬೇಕು. ಮಂಜು ಕವಿದ ತಡಿಯಂಡಮೋಳ್ ಹತ್ತಿ ಬ್ಯಾಟರಿ ಬದಲಿಸುವವರು ಯಾರು? ಹೆಸರು ಕೊಡುವವರಿದ್ದರೆ ಮುಂದೆ ಮಾತಾಡೋಣ.

(ಯಾರೂ ಹೆಸರು ಕೊಟ್ಟಿಲ್ಲ — ನಿರ್ವಾಹಕರು)

ಪೊನ್ನಂಪೇಟೆ: ಸರ್, ಹಳೆಯ ಸೆಟ್ಟಿನ ಬೆಲೆ ಕೇಳಿದ್ದೆ.

ಅಮ್ಮತ್ತಿ: ಜೋರು ಮಳೆಯಲ್ಲಿ ಸಿಗ್ನಲ್ ಕಡಿಮೆಯಾಗುತ್ತದೆಯೇ? ಕನ್ನಡದಲ್ಲಿ ಬರೆಯಬಹುದೇ?

ತಂತ್ರಜ್ಞರು: 145 ಮೆಗಾಹರ್ಟ್ಸ್‌ಗೆ ಮಳೆ ಲೆಕ್ಕಕ್ಕಿಲ್ಲ. ಕೇಬಲಿನ ಕನೆಕ್ಟರ್ ಒಳಗೆ ಇಳಿದ ನೀರು ಕೊಲ್ಲುತ್ತದೆ. ರಬ್ಬರ್ ಟೇಪನ್ನು ಬಿಗಿಯಾಗಿ ಸುತ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಬರುವ ಮೊದಲೇ ಕೇಬಲ್ ಕಳಚಿ ಮನೆಯ ಹೊರಗಿಡಿ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್, "ಕ್ಕ" ಎಂದರೆ ಮೂರು ಚಿಹ್ನೆ, 9 ಬೈಟ್. ಆ ಕಡೆಯ ತಂತ್ರಾಂಶ ತೋರಿಸುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ ನೋಡಿ. ಇಲ್ಲದಿದ್ದರೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ.

ಚೆಟ್ಟಳ್ಳಿ: ಪತ್ರಕ್ಕೆ ಪಾಸ್‌ವರ್ಡ್ ಹಾಕಿ ಗುಟ್ಟಾಗಿಡಬಹುದೇ?

ತಂತ್ರಜ್ಞರು: ಇಲ್ಲ. ಗೂಢಲಿಪಿಗೆ ಅವಕಾಶವಿಲ್ಲ. ಬ್ಯಾಂಕಿನ ವಿವರ ಬರೆಯಬೇಡಿ.

ಮೂರ್ನಾಡು: ಇದಾದರೂ ಸರಿಯೇ ನೋಡಿ ಸರ್. ಒಂದು ಆಪ್ ಹಾಕಿದರೆ ಮೊಬೈಲೇ ನೆಟ್‌ವರ್ಕ್ ಇಲ್ಲದೆ ಐವತ್ತು ಕಿಲೋಮೀಟರ್ ವಾಕಿಟಾಕಿ ಆಗುತ್ತದಂತೆ.

ತಂತ್ರಜ್ಞರು: ಆಗುವುದಿಲ್ಲ. ಅಂಥ ಆಪ್‌ಗಳಿಗೆ ಇಂಟರ್ನೆಟ್ ಬೇಕು. ಬ್ಲೂಟೂತ್‌ನದಾದರೆ ಅಂಗಳ ದಾಟುವುದೂ ಕಷ್ಟ. ಇದನ್ನು ನಂಬಿ ಮನೆಯಲ್ಲಿಯೇ ಕುಳಿತವರ ಗತಿಯೇನು? ಮೂರ್ನಾಡಿನವರೇ, ಇನ್ನು ಮುಂದೆ ಬಂದದ್ದನ್ನು ಇಲ್ಲಿ ಹಾಕಬೇಡಿ.

ಮೂರ್ನಾಡು: ಒಳ್ಳೆಯದಕ್ಕೆ ಹಾಕಿದರೂ ಬೈಗುಳವೇ. ಹಾಗಾದರೆ ಈ ಗುಂಪೇಕೆ?

ನಾಪೋಕ್ಲು: ಕಂಬದ ತಂತಿಯ ಸಂದೇಶವನ್ನು ನೀವು ಇನ್ನೂ ಅಳಿಸಿಲ್ಲ.

ನಿರ್ವಾಹಕರು: ನಾನು ಅಳಿಸಿದ್ದೇನೆ. ಇನ್ನು ಫಾರ್ವರ್ಡ್ ಹಾಕಿದವರನ್ನು ತೆಗೆಯಲಾಗುವುದು.

ಕುಶಾಲನಗರ: ನಮ್ಮಲ್ಲಿ ಇಂಟರ್ನೆಟ್ ಸ್ಥಿರವಾಗಿದೆ. ಪರೀಕ್ಷೆ ಬರೆದು ಗೇಟ್‌ವೇ ನಡೆಸಬಹುದೇ?

ತಂತ್ರಜ್ಞರು: ಖಂಡಿತ ಪರೀಕ್ಷೆ ಬರೆಯಿರಿ. ಇಂಟರ್ನೆಟ್ ಜೋಡಿಸುವ ಮುನ್ನ ಪರವಾನಗಿಯ ಷರತ್ತುಗಳನ್ನು ಓದಿ, ಡಬ್ಲ್ಯೂಪಿಸಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಬೇಡ.

ಸುಂಟಿಕೊಪ್ಪ: ಲೈಸೆನ್ಸ್ ಇಲ್ಲದೆ ಬರೀ ಪರೀಕ್ಷೆಗೆಂದು ಒಮ್ಮೆ ಕಳುಹಿಸಿದರೆ?

ತಂತ್ರಜ್ಞರು: ಬೇಡ.

ಕಾಲೂರು: ಸರ್, ಹೊರಗೆ ಕಡ್ಡಿ ಆಂಟೆನಾ ಹಾಕಿ, ನೀವು ಹೇಳಿದಂತೆ 64 ಬೈಟ್ ಮಾಡಿದೆ. ನಾಲ್ಕು ಸಾಲಿನ ಪತ್ರ ಮಡಿಕೇರಿಗೆ ಹೋಯಿತು. ಉದ್ದದ್ದು ಇನ್ನೂ ಅರ್ಧದಲ್ಲಿ ನಿಲ್ಲುತ್ತದೆ. ಕರೆಂಟ್ ಹೋದರೆ ಎಷ್ಟು ದಿನ ನಡೆಸಬಹುದು? 12 ವೋಲ್ಟ್, 40 ಆಂಪಿಯರ್-ಅವರ್ ಬ್ಯಾಟರಿ ಇದೆ.

ತಂತ್ರಜ್ಞರು: ನಾಲ್ಕು ಸಾಲು ಹೋದದ್ದೇ ದೊಡ್ಡದು. ಔಷಧದ ಪಟ್ಟಿ ನಾಲ್ಕು ಸಾಲಿನಲ್ಲಿ ಹಿಡಿಯುತ್ತದೆ, ಅದನ್ನು ಈಗಲೇ ಬರೆದು ಸಿದ್ಧವಾಗಿಡಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ನಿಮಗೆ ಸಿಗುವುದು 240 ವ್ಯಾಟ್-ಅವರ್. ತಿನ್ನುವುದು ರೇಡಿಯೊ ಅಲ್ಲ, ಲ್ಯಾಪ್‌ಟಾಪ್. ಅದು 40 ವ್ಯಾಟ್ ಎಳೆದರೆ ಆರು ಗಂಟೆಯಲ್ಲಿ ಮುಗಿಯಿತು. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಹಾಕಿ, ವಿನ್‌ಲಿಂಕ್‌ಗೆ ಬೇಕಾದ ಪ್ಯಾಟ್ ತಂತ್ರಾಂಶ ನಡೆಸಿ, ಐದು ವ್ಯಾಟ್ ಸಾಕು. ದಿನಕ್ಕೆ ಎರಡು ಬಾರಿ ಅರ್ಧರ್ಧ ಗಂಟೆ ಮಾತ್ರ ತೆರೆಯಿರಿ. ಬ್ಯಾಟರಿಯ ಧನ ತುದಿಯ ಬಳಿಯೇ ಫ್ಯೂಸ್ ಇರಲಿ. ಜುಲೈ ತಿಂಗಳಲ್ಲಿ ಸೋಲಾರ್ ಫಲಕವನ್ನು ನಂಬಬೇಡಿ. ಅಣ್ಣನಿಗೆ ಮೊದಲ ಪತ್ರ ನಿಮ್ಮಿಂದಲೇ ಹೋಗಲಿ, ಆಗ ಅವರ ವಿಳಾಸ ವಿನ್‌ಲಿಂಕ್‌ನ ಒಪ್ಪಿಗೆ ಪಟ್ಟಿಗೆ ಸೇರುತ್ತದೆ. ಇಲ್ಲದಿದ್ದರೆ ಅವರು ಬರೆದದ್ದು ನಿಮಗೆ ತಲುಪದೆ ತಿರಸ್ಕೃತವಾಗುತ್ತದೆ. 7 ಮೆಗಾಹರ್ಟ್ಸ್‌ನ ತಂತಿಯನ್ನು ಈ ತಿಂಗಳೇ ಕಟ್ಟಿ. ಕಟ್ಟಿದ ದಿನ ಇಲ್ಲಿ ತಿಳಿಸಿ, ನಾನೇ ಆ ಕಡೆಯಿಂದ ಕೇಳುತ್ತೇನೆ. ಅಮ್ಮನ ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಿದಿರಾ?

ಕಾಲೂರು: ನಾಳೆ ಹೋಗುತ್ತಿದ್ದೇನೆ ಸರ್.

ಪೊನ್ನಂಪೇಟೆ: ಹಳೆಯ ಸೆಟ್ಟಿನ ಬೆಲೆ ಯಾರಾದರೂ ಹೇಳಿ.