ಅಪ್ಪ, ಅಮ್ಮ, ಹದಿಮೂರು ವರ್ಷದ ಮಗಳು: ಎಲ್ಲರೂ ಕೂತು ನೋಡುವಂಥ ಸಿನಿಮಾ ಹೇಳಿ

ಕೇಳಿದವರು: ತುಮಕೂರಿನವರು, ಈಗ ಬೆಂಗಳೂರು

ನಮಸ್ಕಾರ. ಸ್ವಲ್ಪ ಸಹಾಯ ಬೇಕಿತ್ತು. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಒಂದು ತಿಂಗಳು ನಮ್ಮ ಜೊತೆ ಇರುತ್ತಾರೆ. ಅಪ್ಪ ಗ್ರಾಮ ಲೆಕ್ಕಿಗರಾಗಿ ರಿಟೈರ್ ಆದವರು. ಡಾ. ರಾಜ್ ಕಾಲ ಮುಗಿದಮೇಲೆ ಸಿನಿಮಾನೇ ಬಂದಿಲ್ಲ ಅನ್ನುವ ಪೈಕಿ. ಅಮ್ಮನಿಗೆ ರಕ್ತ ಕಂಡರೆ ಆಗಲ್ಲ. ಮಗಳಿಗೆ ಹದಿಮೂರು. ಕನ್ನಡ ಸಿನಿಮಾ ಅಂದ ಕೂಡಲೇ ಮುಖ ಸೊಟ್ಟ ಮಾಡುತ್ತಾಳೆ.

ಹೋದ ಭಾನುವಾರ 'ಫ್ಯಾಮಿಲಿ ಕಾಮಿಡಿ' ಅಂತ ಬರೆದಿದ್ದನ್ನು ನಂಬಿ ಒಂದು ಹಾಕಿದೆ. ಹತ್ತೇ ನಿಮಿಷಕ್ಕೆ ಡಬಲ್ ಮೀನಿಂಗ್ ಶುರುವಾಯಿತು. ನೀರು ಕುಡಿದು ಬರುತ್ತೇನೆ ಅಂತ ಎದ್ದ ಅಪ್ಪ ವಾಪಸ್ ಬರಲೇ ಇಲ್ಲ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತರು, ತಲೆ ಎತ್ತಲಿಲ್ಲ. ನಾನು ಗಾಬರಿಯಲ್ಲಿ ರಿಮೋಟ್ ಹುಡುಕಿದೆ. ಅದು ನನ್ನ ಕೈಯಲ್ಲೇ ಇತ್ತು.

ಈಚೆಗೆ ನೀವು ನೋಡಿದ ಸಿನಿಮಾಗಳಲ್ಲಿ ಯಾವುದು ಹಾಕಬಹುದು, ಯಾವುದು ಬೇಡವೇ ಬೇಡ, ನಿಮ್ಮ ಮನೆ ಅನುಭವದಿಂದ ಹೇಳಿ.

ಮೈಸೂರಿನಿಂದ

ಸರ್, ನನಗೆ ಸಿನಿಮಾ ಹುಚ್ಚು. ವಾರಕ್ಕೆ ಮೂರಾದರೂ ನೋಡುತ್ತೇನೆ, ಹಳೆಯದನ್ನೇ ತಿರುಗಿಸಿ ನೋಡುವುದೂ ಇದೆ. ಒಂದು ನೋಟ್‌ಬುಕ್ಕಲ್ಲಿ ಬರೆದಿಡುತ್ತೇನೆ. ಸ್ಟಾರ್ ಕೊಡಲ್ಲ. ಸಿನಿಮಾ ಹೆಸರು, ಯಾರ ಜೊತೆ ನೋಡಿದೆ, ಯಾರು ಯಾವಾಗ ಎದ್ದು ಹೋದರು, ಇಷ್ಟೇ. ಅದರಿಂದ ನನಗೆ ಗೊತ್ತಾಗಿದ್ದು ಏನೆಂದರೆ ಥ್ರಿಲ್ಲರ್, ಹಾರರ್, ಕಾಮಿಡಿ ಅಂತ ಅಂಟಿಸಿರುವ ಚೀಟಿಯನ್ನು ನಂಬಲೇಬಾರದು. ಪಕ್ಕದಲ್ಲಿ ಕೂತವರಿಗೆ ಏನು ತಡೆಯಲ್ಲ ಅಂತ ಮೊದಲು ಕೇಳಿ, ಆಮೇಲೆ ಸಿನಿಮಾ ಆರಿಸಿ.

ಉದಾಹರಣೆಗೆ 'ಶಾಖಾಹಾರಿ', 2024ರದ್ದು. ಎಲ್ಲರೂ ಥ್ರಿಲ್ಲರ್ ಅನ್ನುತ್ತಾರೆ. ನನಗೆ ಕಂಡಿದ್ದು ಒಬ್ಬ ಒಂಟಿ ಮನುಷ್ಯ. ಮಲೆನಾಡಿನ ಸಣ್ಣ ಹೋಟೆಲ್, ಅಲ್ಲಿ ಸುಬ್ಬಣ್ಣ. ಮದುವೆ ಇಲ್ಲ, ಮಕ್ಕಳಿಲ್ಲ. ಪೊಲೀಸರಿಂದ ತಪ್ಪಿಸಿಕೊಂಡು ಬಂದ ಒಬ್ಬ ಹುಡುಗ ಹೋಟೆಲ್ಲಿಗೆ ನುಗ್ಗುತ್ತಾನೆ, ಅಲ್ಲಿಂದ ಕಥೆ. ರಂಗಾಯಣ ರಘು ಅಂದರೆ ನಮಗೆ ದೊಡ್ಡ ಗಂಟಲು, ಕಣ್ಣು ಅರಳಿಸಿ ಬೈಯುವುದು, ಅಲ್ವಾ? ಇಲ್ಲಿ ಅವರು ಗಂಟಲನ್ನೇ ಕೆಳಗಿಟ್ಟಿದ್ದಾರೆ. ಮಾತಿಗಿಂತ ಕೈ ಜಾಸ್ತಿ ಕೆಲಸ ಮಾಡುತ್ತದೆ. ಇಪ್ಪತ್ತು ವರ್ಷ ಇವರನ್ನು ಬರೀ ಕಿರುಚಿಸಿ ಕಳೆದೆವಲ್ಲ ಅಂತ ಬೇಜಾರಾಯಿತು. ನಿಮ್ಮ ಅಪ್ಪನಿಗೆ ಹಿಡಿಸುತ್ತದೆ. ಆದರೆ ಹೆಣದ ವಿಷಯ ಇದೆ, ಅದೂ ಅಡುಗೆಮನೆ ಪಕ್ಕದಲ್ಲೇ. ಅಮ್ಮನ ಮುಂದೆ ಬೇಡ. ಊಟದ ಹೊತ್ತಲ್ಲಂತೂ ಯಾರ ಮುಂದೆಯೂ ಬೇಡ.

ಮಗಳಿಗೆ 'ಡೇರ್‌ಡೆವಿಲ್ ಮುಸ್ತಾಫಾ' ಹಾಕಿ. ಪೂರ್ಣಚಂದ್ರ ತೇಜಸ್ವಿ ಅವರ ಕಥೆ, 2023ರಲ್ಲಿ ಬಂತು. ತೇಜಸ್ವಿ ಓದುಗರೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ. ಅಬಚೂರಿನ ಕಾಲೇಜಿಗೆ ಮುಸ್ತಾಫಾ ಬರುತ್ತಾನೆ, ಇಡೀ ಕ್ಲಾಸಿಗೆ ಅವನೊಬ್ಬನೇ ಮುಸ್ಲಿಂ ಹುಡುಗ. ಉಳಿದವರಿಗೆ ಕುತೂಹಲ, ಭಯ, ಕೊಂಕು ಎಲ್ಲ. ಕೊನೆಗೆ ಕ್ರಿಕೆಟ್ ಮ್ಯಾಚ್. ಕೆಲವು ಕಡೆ ಎಳೆದಿದ್ದಾರೆ, ಕಾರ್ಟೂನ್ ಥರದ ಬಣ್ಣ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ನನ್ನ ಅಕ್ಕನ ಮಗ ಮಾರನೇ ದಿನ ಲೈಬ್ರರಿಯಿಂದ ತೇಜಸ್ವಿ ಪುಸ್ತಕ ತಂದ. ನನ್ನ ನೋಟ್‌ಬುಕ್ಕಲ್ಲಿ ಅಂಥ ಎಂಟ್ರಿ ಅದೊಂದೇ.

ಹಾರರ್ ಬೇಕಾದರೆ 'ಯು ಟರ್ನ್'. 2016ರದ್ದು, ಪವನ್ ಕುಮಾರ್ ಮಾಡಿದ್ದು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರ್ ಕಲ್ಲು ಸರಿಸಿ ಅಡ್ಡದಾರಿ ಹಿಡಿಯುತ್ತಾರೆ. ಅಲ್ಲಿಂದ ಭಯ ಹುಟ್ಟುತ್ತದೆ. ಹಾಳು ಬಂಗಲೆ ಇಲ್ಲ, ಬಿಳಿ ಸೀರೆ ಇಲ್ಲ. ನೋಡಿದಮೇಲೆ ಆ ಫ್ಲೈಓವರ್ ಮೇಲೆ ಹೋದಾಗೆಲ್ಲ ಕಲ್ಲಿನ ಕಡೆ ಕಣ್ಣು ಹೋಗುತ್ತದೆ. ಮಗಳಿಗೆ ಓಕೆ, ಅಮ್ಮನಿಗೆ ಸ್ವಲ್ಪ ಕಷ್ಟ. ಮಲಯಾಳಂನ 'ಭ್ರಮಯುಗಂ' ಇದಕ್ಕಿಂತ ಚೆನ್ನಾಗಿದೆ, ಪೂರ್ತಿ ಕಪ್ಪು ಬಿಳುಪು, ಮಮ್ಮುಟ್ಟಿ ನಕ್ಕರೆ ಮೈ ಜುಂ ಅನ್ನುತ್ತದೆ. ಅದನ್ನು ಎಲ್ಲರೂ ಮಲಗಿದಮೇಲೆ ನೀವೊಬ್ಬರೇ ನೋಡಿ.

ಬೇರೆ ಭಾಷೆ ಪರವಾಗಿಲ್ಲ ಅಂದರೆ ತಮಿಳಿನ 'ಮೆಯ್ಯಳಗನ್'. ಅರವಿಂದ ಸ್ವಾಮಿ ಇಪ್ಪತ್ತೆರಡು ವರ್ಷದ ಮೇಲೆ ತಂಜಾವೂರಿಗೆ ಒಂದು ಮದುವೆಗೆ ಹೋಗುತ್ತಾನೆ. ಅಲ್ಲಿ ಕಾರ್ತಿ ಬಂದು "ಅತ್ತಾನ್" ಅಂತ ಅಂಟಿಕೊಳ್ಳುತ್ತಾನೆ. ಅತ್ತಾನ್ ಅಂದರೆ ನಮ್ಮ ಕಡೆ ಭಾವ ಅಂದಹಾಗೆ. ಉಣ್ಣಿಸುತ್ತಾನೆ, ಉಪಚಾರ ಮಾಡುತ್ತಾನೆ, ಮನೆಗೆ ಕರೆದುಕೊಂಡು ಹೋಗುತ್ತಾನೆ. ಇವನಿಗೆ ಅವನ ಹೆಸರೇ ನೆನಪಿಲ್ಲ. ಕೇಳಲು ನಾಚಿಕೆ. ನಮಗೆಲ್ಲ ಮದುವೆ ಮನೆಯಲ್ಲಿ ಆಗಿರುವ ಕಥೆಯೇ ಅಲ್ವಾ? ಅದೊಂದನ್ನೇ ಹಿಡಿದುಕೊಂಡು ಎರಡೂವರೆ ಗಂಟೆ ಮಾತು. ಉದ್ದ ಆಯಿತು ಅಂತ ಬಿಡುಗಡೆ ಆದಮೇಲೆ ಸುಮಾರು 18 ನಿಮಿಷ ಕತ್ತರಿಸಿದರು. ನಮ್ಮ ತಂದೆ ನಡುವೆ ಎದ್ದರು. ನಿದ್ದೆಗೆ ಅಂದುಕೊಂಡೆ. ಹಿತ್ತಿಲಿಗೆ ಹೋಗಿ ಊರಿನ ದಾಯಾದಿಗೆ ಫೋನ್ ಹಚ್ಚಿದ್ದರು. ಆರು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ಉಳ್ಳಾಲದವರು, ಸುಮ್ನೆ ಓದಿ ಹೋಗುವವನಿದ್ದೆ

ಮೈಸೂರಿನವರು 'ಸು ಫ್ರಮ್ ಸೋ' ಹೇಗೆ ಬಿಟ್ಟರು ಮಾರಾಯ್ರೆ? 2025ರ ಜುಲೈಯಲ್ಲಿ ಬಂದದ್ದು. ಜೆ.ಪಿ. ತುಮಿನಾಡು ಬರೆದು, ನಿರ್ದೇಶನ ಮಾಡಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಅಶೋಕನ ಮೈಮೇಲೆ ಭೂತ ಬಂದಿದೆ ಅಂತ ಊರು ತೀರ್ಮಾನ ಮಾಡುತ್ತದೆ. ಯಾವ ಭೂತ? ಸೋಮೇಶ್ವರದ ಸುಲೋಚನ! ಅದೇ 'ಸು ಫ್ರಮ್ ಸೋ'. ಸೋಮೇಶ್ವರ ನಮ್ಮ ಮನೆಯಿಂದ ಕೂಗಳತೆ. ಥಿಯೇಟರಲ್ಲಿ ಆ ಹೆಸರು ಬಂದಾಗ ನಮ್ಮ ಸಾಲಿನಲ್ಲಿ ಒಬ್ಬರು ಎದ್ದು ನಿಂತು "ನಮ್ಮೂರು!" ಅಂದರು.

ನನಗೆ ಇಷ್ಟ ಆದದ್ದು ರವಿಯಣ್ಣ. ನಮ್ಮ ಕಡೆ ಪ್ರತಿ ಊರಿಗೂ ಒಬ್ಬ ಹಾಗೆ ಇರುತ್ತಾರೆ. ಚಪ್ಪರ ಹಾಕಲು, ಜಗಳ ಬಿಡಿಸಲು, ಆಸ್ಪತ್ರೆಗೆ ರಾತ್ರಿ ಗಾಡಿ ತೆಗೆಯಲು, ಎಲ್ಲದಕ್ಕೂ ಅವರೇ. ಅವರಿಗೆ ಹೆದರಿಕೆ ಅಂತ ಇಲ್ಲ ಅಂತ ಊರು ನಂಬಿರುತ್ತದೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದೇ ಅವರಿಗೆ ಕಷ್ಟ. ಶನೀಲ್ ಗೌತಮ್ ಅದನ್ನು ಮುಖದಲ್ಲೇ ತೋರಿಸಿದ್ದಾರೆ. ಹಾರರ್ ಕಾಮಿಡಿ ಅಂತ ಹೋದವರಿಗೆ ಕೊನೆಯ ಹೊತ್ತಿಗೆ ಬೇರೆ ಏನೋ ಸಿಗುತ್ತದೆ, ಒಬ್ಬ ಹೆಣ್ಣುಮಗಳ ಕಷ್ಟಕ್ಕೆ ಊರು ಕಣ್ಣು ಬಿಡುವ ಕಥೆ. ನನ್ನ ಹೆಂಡತಿಗೆ ಅದು ಗಡಿಬಿಡಿಯಲ್ಲಿ ಮುಗಿಸಿದ ಹಾಗೆ ಕಂಡಿತು. ಇರಬಹುದು. ಕುಡಿಯುವ ದೃಶ್ಯ ಜಾಸ್ತಿ ಇದೆ, ಮೊದಲೇ ಹೇಳಿದ್ದೇನೆ.

ಇದು ಇಷ್ಟ ಆಯಿತು ಅಂತ ಅದೇ ಜನರ 'ಗರುಡ ಗಮನ ವೃಷಭ ವಾಹನ' ಹಾಕಬೇಡಿ! ನಮ್ಮ ಅತ್ತೆಗೆ ಹಾಗೆ ಮಾಡಿ ಬೈಸಿಕೊಂಡೆ. ಮಂಗಳೂರಿನ ರೌಡಿಗಳ ಕಥೆ. ರಾಜ್ ಬಿ. ಶೆಟ್ಟಿ ಶಿವ, ರಿಷಭ್ ಶೆಟ್ಟಿ ಹರಿ. ಒಂದು ಕೊಲೆ ಆದಮೇಲೆ ಶಿವ ಮಳೆಯಲ್ಲಿ ಕುಣಿಯುತ್ತಾನೆ, ಹಿಂದೆ ಮಾದಪ್ಪನ ಜನಪದ ಹಾಡು. ನಾನು ಆ ಒಂದು ದೃಶ್ಯಕ್ಕೆ ಮೂರು ಸಲ ನೋಡಿದ್ದೇನೆ. ಅತ್ತೆ ಆ ಹಾಡನ್ನು ದೇವರ ಹಾಡು ಅಂತ ಕಣ್ಮುಚ್ಚಿ ಕೇಳುತ್ತಿದ್ದರು. ಕಣ್ಣು ಬಿಟ್ಟಾಗ ಪರದೆ ಮೇಲೆ ಏನಿತ್ತು ಅಂತ ಹೇಳುವುದಿಲ್ಲ.

ಹಾಸ್ಟೆಲಲ್ಲಿ ಇರುವ ಹುಡುಗ

ಅಂಕಲ್, ನಿಮ್ಮ ಮಗಳಿಗೆ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಹಾಕಿ. ಒಂದೇ ರಾತ್ರಿ ನಡೆಯುವ ಕಥೆ, ವಾರ್ಡನ್ ಹೆಣ, ಫುಲ್ ಗಲಾಟೆ. ತಾತನಿಗೆ ತಲೆನೋವು ಗ್ಯಾರಂಟಿ, ಅವರು ಮಲಗಿದಮೇಲೆ ಹಾಕಿ. ಬೈಗುಳ ಇದೆ, ಆಮೇಲೆ ನನಗೆ ಬೈಬೇಡಿ.

ಶಿವಮೊಗ್ಗದಿಂದ

ಒಂದು ಎಚ್ಚರಿಕೆ ಹೇಳುವುದಕ್ಕೇ ಬಂದೆ. ಯಾರಾದರೂ ಬಂದು 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಹೇಳೇ ಹೇಳುತ್ತಾರೆ. ಒಳ್ಳೆ ಸಿನಿಮಾ, ಎರಡು ಮಾತಿಲ್ಲ. ಹೇಮಂತ್ ರಾವ್ ಅವರ ಮೊದಲ ಸಿನಿಮಾ, 2016ರದ್ದು. ಮರೆವಿನ ಕಾಯಿಲೆ ಇರುವ ವೆಂಕೋಬ ರಾವ್ ಕಾಣೆಯಾಗುತ್ತಾರೆ, ಮಗ ಹುಡುಕುತ್ತಾನೆ. ಕಾಣೆಯಾದವರ ಪ್ರಕಟಣೆಯಲ್ಲಿ ಬರೆಯುತ್ತಾರಲ್ಲ, ಅದೇ ಸಾಲು ಟೈಟಲ್. ಯೋಚನೆ ಮಾಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಇಷ್ಟು ವರ್ಷ ಜೊತೆಗಿದ್ದ ಅಪ್ಪನ ಬಗ್ಗೆ ಮಗನಿಗೆ ಹೇಳಲು ಸಿಗುವುದು ಅಷ್ಟೇ.

ಅನಂತ್ ನಾಗ್ ಅಭಿನಯ ಮಾಡುತ್ತಿದ್ದಾರೆ ಅಂತ ಅನಿಸುವುದಿಲ್ಲ. ಅದೇ ತೊಂದರೆ. ನಮ್ಮ ದೊಡ್ಡಪ್ಪನಿಗೆ ಇದೇ ಕಾಯಿಲೆ ಇತ್ತು. ಒಂದು ಬೆಳಿಗ್ಗೆ ಹಾಲು ತರುತ್ತೇನೆ ಅಂತ ಹೋದವರು ಸಂಜೆ ಭದ್ರಾವತಿ ಬಸ್ ಸ್ಟ್ಯಾಂಡಲ್ಲಿ ಸಿಕ್ಕರು. ಕೈಯಲ್ಲಿ ಹಾಲಿನ ಖಾಲಿ ಕ್ಯಾನ್ ಹಾಗೇ ಇತ್ತು. ಇದೆಲ್ಲ ಮರೆತು ಅಪ್ಪನ ಮುಂದೆ ಸಿನಿಮಾ ಹಾಕಿಬಿಟ್ಟೆ. ಅರ್ಧ ಗಂಟೆ ನೋಡಿದರು. ಆಮೇಲೆ ಎದ್ದು ಗೇಟಿಗೆ ಬೀಗ ಹಾಕಿದೆಯಾ ಅಂತ ನೋಡಿ ಬಂದರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ ಬಂದರು. ನಾನು ಟಿವಿ ಆರಿಸಿದೆ. ನಿಮ್ಮ ಮನೆಯಲ್ಲಿ ಅಂಥ ನೆನಪು ಇಲ್ಲದಿದ್ದರೆ ಖಂಡಿತ ಹಾಕಿ.

'777 ಚಾರ್ಲಿ' ಕೂಡ ಅಷ್ಟೇ. ಮನೆಯಲ್ಲಿ ನಾಯಿ ಇದ್ದವರು, ನಾಯಿ ಕಳೆದುಕೊಂಡವರು ಕರ್ಚೀಫ್ ಬಿಟ್ಟು ಟವೆಲ್ಲೇ ಇಟ್ಟುಕೊಂಡು ಕೂರಬೇಕು.

ಮೈಸೂರಿನಿಂದ, ಮತ್ತೆ

ಶಿವಮೊಗ್ಗದವರ ಮಾತು ಓದಿ ಒಂದು ಹೊತ್ತು ಸುಮ್ಮನಾದೆ. ಆ ಬೀಗ.

ಅದೇ ಹೇಮಂತ್ ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಬಗ್ಗೆ ಹೇಳಬೇಕಿತ್ತು. 2023ರಲ್ಲಿ ಎರಡು ಭಾಗವಾಗಿ ಬಂತು. ಸೈಡ್ ಎ ಸೆಪ್ಟೆಂಬರಲ್ಲಿ, ಸೈಡ್ ಬಿ ನವೆಂಬರಲ್ಲಿ. ಒಂದಕ್ಕೆ ನೀಲಿ ಬಣ್ಣ, ಇನ್ನೊಂದಕ್ಕೆ ಕೆಂಪು. ಯಜಮಾನರ ಮನೆ ತಪ್ಪನ್ನು ದುಡ್ಡಿಗಾಗಿ ತನ್ನ ತಲೆ ಮೇಲೆ ಹಾಕಿಕೊಂಡು ಡ್ರೈವರ್ ಮನು ಜೈಲಿಗೆ ಹೋಗುತ್ತಾನೆ. ಪ್ರಿಯಾ ಜೊತೆ ಒಂದು ಮನೆ ಮಾಡಬೇಕು ಅನ್ನುವ ಆಸೆಗೆ. ಸೈಡ್ ಎ ನನಗೆ ಈಚಿನ ಕನ್ನಡದ ಅತ್ಯಂತ ಒಳ್ಳೆಯ ಪ್ರೇಮಕಥೆ. ರುಕ್ಮಿಣಿ ವಸಂತ್ ಕಣ್ಣಲ್ಲೇ ಅರ್ಧ ಸಂಭಾಷಣೆ ಮುಗಿಸುತ್ತಾರೆ. ಸೈಡ್ ಬಿ ಬೇಡವಾಗಿತ್ತು ಅನ್ನುತ್ತೇನೆ. ಮದುವೆಯಾಗಿ ಬೇರೆ ಬದುಕು ಕಟ್ಟಿಕೊಂಡವಳ ಹಿಂದೆ ಇವನು ತಿರುಗುವುದು ನೋಡಿ ನನಗೆ ಕಿರಿಕಿರಿ ಆಯಿತು.

ಕೊಪ್ಪಳದಿಂದ

ಸೈಡ್ ಬಿ ವಿಷಯದಲ್ಲಿ ನಾನು ಒಪ್ಪಲ್ಲರೀ. ಕಿರಿಕಿರಿ ಆಗಲಿ ಅಂತಾನೇ ಮಾಡಿದ್ದಾರೆ. ಪ್ರೀತಿ ಹೆಸರಲ್ಲಿ ಹಿಂದೆ ಬೀಳುವುದನ್ನು ಇಷ್ಟು ವರ್ಷ ಹಾಡು ಹಾಕಿ ತೋರಿಸಿದರು, ಚಪ್ಪಾಳೆ ಹೊಡೆದೆವು. ಇಲ್ಲಿ ಹಾಗಲ್ಲ. ಇರಲಿ, ಅದು ಬೇರೆ ಜಗಳ.

ನಾನು ಹೇಳಲು ಬಂದಿದ್ದು 'ಶಿವಮ್ಮ'. ನಮ್ಮ ಜಿಲ್ಲೆಯ ಯರೇಹಂಚಿನಾಳದಲ್ಲೇ ತೆಗೆದಿದ್ದು. ಜೈಶಂಕರ್ ಆರ್ಯರ್ ನಿರ್ದೇಶನ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು, ಇಲ್ಲಿ ಥಿಯೇಟರಿಗೆ ಬಂದಿದ್ದು 2024ರಲ್ಲಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ ಶಕ್ತಿ ಪುಡಿ ಮಾರುವ ಚೈನ್ ವ್ಯಾಪಾರಕ್ಕೆ ಬೀಳುತ್ತಾಳೆ. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಆಗಬೇಕು. ಈಕೆ ಮನೆ ಮನೆಗೆ ಡಬ್ಬಿ ಹಿಡಿದು ಹೋಗುತ್ತಾಳೆ. ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ನಟಿ ಅಲ್ಲ, ಹಳ್ಳಿಯವರೇ. ಬೇರೆ ಸಿನಿಮಾದಲ್ಲಿ ನಮ್ಮ ಮಾತು ಬರೀ ನಗಿಸಲಿಕ್ಕೆ ಬರುತ್ತದೆ. ಇಲ್ಲಿ ಅದೇ ಮಾತಲ್ಲಿ ಸಾಲ ಕೇಳುತ್ತಾರೆ, ಸುಳ್ಳು ಹೇಳುತ್ತಾರೆ, ಅಳುತ್ತಾರೆ.

ನಮ್ಮ ಚಿಕ್ಕಮ್ಮ ಇಂಥದ್ದೇ ಒಂದಕ್ಕೆ ಸೇರಿದ್ದರು. ಯಾವುದು ಅಂತ ಹೆಸರು ಬೇಡ. ಇವತ್ತಿಗೂ ಅಟ್ಟದ ಮೇಲೆ ಆರು ಡಬ್ಬಿ ಇವೆ, ಡೇಟ್ ಮುಗಿದು ಯಾವ ಕಾಲ ಆಯಿತೋ. ಸಿನಿಮಾ ನೋಡುವಾಗ ಅವರು ನಮ್ಮ ಜೊತೆಗೇ ಇದ್ದರು. ಎಲ್ಲರೂ ಅವರ ಮುಖ ನೋಡದ ಹಾಗೆ ಟಿವಿ ನೋಡಿದೆವು. ಮುಗಿದಮೇಲೆ ಅವರೇ ಅಂದರು: "ಆಕಿ ನನಗಿಂತ ಜಾಸ್ತಿ ಮಾರ್‍ಯಾಳ ಬಿಡ್ರಿ."

ನಿಮ್ಮ ಅಪ್ಪನಿಗೆ ಮಾತ್ರ 'ತಿಥಿ'. ಹಳೆಯದು, 2016ರಲ್ಲಿ ಬಿಡುಗಡೆ ಆಗಿದ್ದು. ಆದರೆ ರೆವಿನ್ಯೂ ಇಲಾಖೆಯವರಿಗೆ ಇದಕ್ಕಿಂತ ಒಳ್ಳೆ ಸಿನಿಮಾ ಇಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ 'ಸು ಫ್ರಮ್ ಸೋ' ಹಾಕಿದೆ. ಮಗಳು ಮೊಬೈಲ್ ಕೆಳಗಿಟ್ಟಳು. ಅಮ್ಮ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. ಅಪ್ಪ ಮಾತ್ರ "ಪರವಾಗಿಲ್ಲ" ಅಂದರು.

ನಿನ್ನೆ 'ತಿಥಿ'. ಮಂಡ್ಯ ಕಡೆ ಹಳ್ಳಿ. 101 ವರ್ಷದ ಸೆಂಚುರಿ ಗೌಡ ದಾರಿಯಲ್ಲಿ ಹೋಗುವವರಿಗೆಲ್ಲ ಬೈದು, ಅಲ್ಲೇ ಸತ್ತುಹೋಗುತ್ತಾನೆ. ಹನ್ನೊಂದನೇ ದಿನದ ತಿಥಿಯವರೆಗೆ ಕಥೆ. ಜಮೀನು ಮಗ ಗಡ್ಡಪ್ಪನ ಹೆಸರಿಗೆ ಬರಬೇಕು, ಅವನಿಗೆ ಟೈಗರ್ ಬ್ರಾಂದಿ ಬಿಟ್ಟು ಏನೂ ಬೇಡ. ಮೊಮ್ಮಗ ತಮ್ಮಣ್ಣ ಜಮೀನು ಮಾರುವ ಆಸೆಗೆ, ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸಲು ಹೊರಡುತ್ತಾನೆ.

ಬೈಗುಳ ಬಂದಾಗ ನನಗೆ ಎದೆ ಧಸಕ್ ಅಂತು. ಅಪ್ಪ ಏಳಲಿಲ್ಲ. ಇಂಥ ಮುದುಕರು ಅವರು ಕೆಲಸ ಮಾಡಿದ ಸರ್ಕಲ್ಲಲ್ಲೂ ಇದ್ದರಂತೆ. ತಮ್ಮಣ್ಣ ಸುಳ್ಳು ಡೆತ್ ಸರ್ಟಿಫಿಕೇಟಿಗೆ ಓಡಾಡುವ ಕಡೆ ಬಂತು. ಅಪ್ಪ ಕೈ ಚಾಚಿ ರಿಮೋಟ್ ಕೇಳಿದರು. ಆಯಿತು, ಇದೂ ಹೋಯಿತು ಅಂದುಕೊಂಡೆ.

ಸಿನಿಮಾ ನಿಲ್ಲಿಸಿ, ಕನ್ನಡಕ ತೆಗೆದು, ಮೊಮ್ಮಗಳ ಕಡೆ ತಿರುಗಿದರು. "ನೋಡು ಪುಟ್ಟಿ, ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಅಷ್ಟು ಸಲೀಸಾಗಿ ಆಗಲ್ಲ. ಮೊದಲು ವಂಶವೃಕ್ಷ ಬೇಕು..."

ಮುಕ್ಕಾಲು ಗಂಟೆ ಆಯಿತು. ಉಳಿದ ಸಿನಿಮಾ ಇವತ್ತು ಸಂಜೆ ನೋಡುತ್ತೇವೆ.