ಪ್ರೊಸೆಸರ್ ‘ಸೈಕಲ್’ಗೆ ಕನ್ನಡದಲ್ಲಿ ಏನನ್ನೋಣ? ಒಂದು ಪದ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ,

ಪ್ರೋಗ್ರಾಂನ ಒಂದು ತುಣುಕು ಓಡಲು ಎಷ್ಟು ಪ್ರೊಸೆಸರ್ ಸೈಕಲ್ ಬೇಕು ಅಂತ ನೋಡುವುದು ಹೇಗೆ, ಇದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರೊಸೆಸರ್ ಮಾಡುವ ಕೆಲಸಕ್ಕೆ ಕ್ಲಾಕ್ ತಾಳ ಹಾಕುತ್ತದೆ, ಆ ಒಂದೊಂದು ತಾಳವೇ ಸೈಕಲ್. ‘ಸೈಕಲ್’ ಅಂತಲೇ ಬಿಟ್ಟರೂ ಓದುವವರಿಗೆ ಅರ್ಥವಾಗುತ್ತದೆ. ಆದರೆ ಈ ಒಂದೇ ಪದ ಎರಡು ಬೇರೆ ಬೇರೆ ಲೆಕ್ಕಕ್ಕೆ ಬಳಕೆಯಾಗುತ್ತಿದೆ. ತೊಡಕು ಅಲ್ಲೇ.

1993ರಲ್ಲಿ ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್ ಜೊತೆ ಆರ್‌ಡಿಟಿಎಸ್‌ಸಿ ಅನ್ನುವ ಇನ್‌ಸ್ಟ್ರಕ್ಷನ್ (ಪ್ರೊಸೆಸರ್‌ಗೆ ಕೊಡುವ ಒಂದು ಆದೇಶ) ಬಂತು. ಪ್ರೊಸೆಸರ್ ಒಳಗಿರುವ 64 ಬಿಟ್‌ನ ಒಂದು ಕೌಂಟರನ್ನು ಅದು ಓದಿಕೊಡುತ್ತದೆ. ಆಗ ಪ್ರೊಸೆಸರ್ ಕ್ಲಾಕ್‌ನ ಜೊತೆಜೊತೆಗೇ ಆ ಕೌಂಟರ್ ಏರುತ್ತಿತ್ತು, ಹಾಗಾಗಿ ತುಣುಕು ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿ, ಒಂದರಿಂದ ಇನ್ನೊಂದನ್ನು ಕಳೆದರೆ ಸೈಕಲ್ ಎಷ್ಟು ಅಂತ ಸಿಗುತ್ತಿತ್ತು. ಈಗಿನ ಪ್ರೊಸೆಸರ್‌ಗಳು ಕೆಲಸ ನೋಡಿಕೊಂಡು ವೇಗ ಏರಿಸುತ್ತವೆ, ಇಳಿಸುತ್ತವೆ, ಕೌಂಟರ್ ಮಾತ್ರ ಒಂದೇ ವೇಗದಲ್ಲಿ ಏರುತ್ತಿರುತ್ತದೆ. ಕೌಂಟರಿನ ವೇಗ 2 ಗಿಗಾಹರ್ಟ್ಸ್ ಅಂತಿಟ್ಟುಕೊಳ್ಳಿ. 300 ಸೈಕಲ್ ಹಿಡಿಯುವ ತುಣುಕು 3 ಗಿಗಾಹರ್ಟ್ಸ್‌ನಲ್ಲಿ ಓಡಿದರೆ ಕೌಂಟರ್ 200 ತೋರಿಸುತ್ತದೆ, 1 ಗಿಗಾಹರ್ಟ್ಸ್‌ಗೆ ಇಳಿದರೆ 600. ಇದನ್ನೂ ಸೈಕಲ್ ಅಂದರೆ ಓದುಗ ದಾರಿ ತಪ್ಪುತ್ತಾನೆ ಅಲ್ವಾ? ಅದು ನಿಜಕ್ಕೂ ಸಮಯ. ರಿಸ್ಕ್-ವಿ ಅನ್ನುವ ಪ್ರೊಸೆಸರ್ ವಿನ್ಯಾಸ ಮಾಡಿದವರು ಒಂದೊಂದಕ್ಕೂ ಬೇರೆ ಇನ್‌ಸ್ಟ್ರಕ್ಷನ್ ಇಟ್ಟು ಇದನ್ನು ಚೆನ್ನಾಗಿ ಬಿಡಿಸಿದ್ದಾರೆ: ಸೈಕಲ್‌ಗೆ ಆರ್‌ಡಿಸೈಕಲ್, ಸಮಯಕ್ಕೆ ಆರ್‌ಡಿಟೈಮ್, ಮುಗಿದ ಇನ್‌ಸ್ಟ್ರಕ್ಷನ್‌ಗಳ ಲೆಕ್ಕಕ್ಕೆ ಆರ್‌ಡಿಇನ್‌ಸ್ಟ್‌ರೆಟ್.

ಈಗ ಪದಗಳು. ‘ಆವರ್ತ’ ನೋಡಿದೆ, ಆದರೆ ಪಕ್ಕದಲ್ಲೇ ಫ್ರೀಕ್ವೆನ್ಸಿಗೆ ‘ಆವರ್ತನ’, ‘ಆವೃತ್ತಿ’ ಬರುತ್ತವೆ, ಸಾಲದ್ದಕ್ಕೆ ಸಾಫ್ಟ್‌ವೇರಿನಲ್ಲಿ ವರ್ಶನ್‌ಗೂ ‘ಆವೃತ್ತಿ’ಯೇ. ಒಂದೇ ಪ್ಯಾರಾದಲ್ಲಿ ಈ ಮೂರೂ ಬಂದರೆ ಓದುವುದು ಕಷ್ಟ. ‘ಸುತ್ತು’ ಇಷ್ಟವಾಗುತ್ತದೆ, ಆದರೆ ಅದು ಲೂಪ್‌ಗೆ ಬೇಕು. ‘ಚಕ್ರ’ ಬೇಡ.

ನನ್ನ ಒಲವು ‘ಬಡಿತ’ದ ಕಡೆಗೆ. ಬಡಿತ ಜೋರಾಗಬಹುದು, ನಿಧಾನವಾಗಬಹುದು, ಪ್ರೊಸೆಸರ್ ಮಾಡುವುದೂ ಅದನ್ನೇ. ಬೇರೆ ಪದಗಳ ಜೊತೆಗೂ ಸಲೀಸಾಗಿ ಸೇರುತ್ತದೆ: ‘ಬಡಿತಕ್ಕೆ ಎರಡು ಇನ್‌ಸ್ಟ್ರಕ್ಷನ್’, ಮೆಮೊರಿಯಿಂದ ಡೇಟಾ ಬರುವವರೆಗೆ ಸುಮ್ನೆ ಕಳೆದುಹೋಗುವ ನೂರಾರು ಸೈಕಲ್‌ಗೆ ‘ಕಾದ ಬಡಿತ’. ಒಂದೇ ವೇಗದಲ್ಲಿ ಏರುವ ಆ ಕೌಂಟರಿಗೆ ‘ಟಿಕ್’ ಅಂತಲೇ ಇಟ್ಟರೆ ಎರಡೂ ಬೇರೆ ಬೇರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕ್ರಿಯಾಪದದಲ್ಲೂ ಒಂದು ಪ್ರಶ್ನೆ ಇದೆ. ‘ಸೈಕಲ್ ಅಳೆಯುವುದು’ ಅಂತ ಜಾಸ್ತಿ ಜನ ಬರೆಯುತ್ತಾರೆ. ಸಮಯವನ್ನು ಅಳೆಯುತ್ತೇವೆ ಸರಿ, ಬಿಡಿಬಿಡಿಯಾಗಿರುವುದನ್ನು ಎಣಿಸುತ್ತೇವೆ. ಹಾಗಾದರೆ ‘ಬಡಿತ ಎಣಿಸುವುದು’, ‘ಟಿಕ್‌ನಿಂದ ಸಮಯ ಅಳೆಯುವುದು’ ಅಂತ ಬೇರೆ ಮಾಡಿದರೆ ಹೇಗೆ? ‘ಬಡಿತ’ ನಿಮ್ಮ ಕಿವಿಗೆ ಹೊಡೆತದ ಹಾಗೆ ಕೇಳುತ್ತದೆಯೇ, ‘ಮಿಡಿತ’ ವಾಸಿಯೇ? ಪಾಠ ಮಾಡುವವರು, ಕೋಡ್ ಬರೆಯುವವರು ಈಗಾಗಲೇ ಬಳಸುತ್ತಿರುವ ಪದ ಬೇರೆ ಇದ್ದರೆ, ಅದು ಬಂದಿರುವ ಒಂದು ವಾಕ್ಯದ ಸಮೇತ ತಿಳಿಸಿ.