56ಕೆ ಮೋಡೆಮ್, ಆದರೆ 28800ರ ಮೇಲೆ ಹೋಗುವುದೇ ಇಲ್ಲ

ಪ್ರಶ್ನೆ (ಮಲ್ಪೆ)
ಮಲ್ಪೆಯಲ್ಲೊಂದು, ಮಂಗಳೂರು ಬಂದರಿನಲ್ಲೊಂದು ಹಳೆ ಕಂಪ್ಯೂಟರ್ ಉಂಟು. ಎರಡಕ್ಕೂ ವಿ.90 (56ಕೆ, ಅಂದರೆ ಸೆಕೆಂಡಿಗೆ 56000 ಬಿಟ್ ವೇಗದ ಮಾನದಂಡ) ಎಕ್ಸ್‌ಟರ್ನಲ್ ಮೋಡೆಮ್, ಎರಡೂ ಕಡೆ ತಾಮ್ರದ ಲ್ಯಾಂಡ್‌ಲೈನ್. ಒಂದರಿಂದ ಇನ್ನೊಂದಕ್ಕೆ ಡಯಲ್ ಮಾಡಿದರೆ "ಕನೆಕ್ಟ್ 28800" ಬರ್ತದೆ, 56ಕೆ ಒಮ್ಮೆಯೂ ಇಲ್ಲ. ಮಳೆ ಹಿಡಿದರೆ 21600ಕ್ಕೆ ಇಳಿದು, ಹತ್ತು ನಿಮಿಷದೊಳಗೆ "ನೋ ಕ್ಯಾರಿಯರ್" ಅಂತ ಸಂಪರ್ಕ ಕಡಿಯುತ್ತದೆ. ಮೋಡೆಮ್ ಬದಲಿಸಬೇಕಾ?

ಉತ್ತರ (ಕದ್ರಿ)
ಬೇಡ ಮಾರಾಯ್ರೆ, ಮೋಡೆಮ್ ಸರಿ ಉಂಟು. ಇಲ್ಲಿ ಎರಡು ಬೇರೆ ವಿಷಯ ಸೇರಿಕೊಂಡಿವೆ.

56ಕೆ ಬರಬೇಕಾದರೆ ಒಂದು ತುದಿ ಎಕ್ಸ್‌ಚೇಂಜಿಗೆ ಡಿಜಿಟಲ್ ಆಗಿಯೇ ಸೇರಿರಬೇಕು. ಇಂಟರ್ನೆಟ್ ಕೊಡುವವರ ಕಡೆ ಹಾಗಿರುತ್ತಿತ್ತು. ನಿಮ್ಮದು ಎರಡೂ ಸಾಧಾರಣ ಲೈನ್. ಕಳಿಸುವ ಸದ್ದನ್ನು ಎಕ್ಸ್‌ಚೇಂಜ್ ಅಂಕಿಗೆ ತಿರುಗಿಸುವಾಗ ಗದ್ದಲ ಸೇರ್ತದೆ, ಆಗ ಮೋಡೆಮ್‌ಗಳು ಹಿಂದಿನ ಮಾನದಂಡ ವಿ.34ರಲ್ಲೇ ಮಾತಾಡಿಕೊಳ್ತವೆ. ಅದರ ಮಿತಿ 1994ರಲ್ಲಿ 28800, 1996ರ ನಂತರ 33600. ವಿ.90ರ ನಂತರದ ವಿ.92 ಮೋಡೆಮ್ ತಂದರೂ ಇದೇ ಕತೆ. ಹಾಗಾಗಿ 28800 ಒಳ್ಳೆಯ ವೇಗವೇ. ಅಕ್ಷರಗಳ ಕಡತವಾದರೆ ಮೋಡೆಮ್‌ನೊಳಗಿನ ವಿ.42ಬಿಸ್ (ಡೇಟಾ ಕುಗ್ಗಿಸುವ ಮಾನದಂಡ) ಅದನ್ನು ಒತ್ತಿ ಕಳಿಸ್ತದೆ. ಅದಕ್ಕೆ ಮೋಡೆಮ್ ಸೇರುವ ಸೀರಿಯಲ್ ಪೋರ್ಟ್ 115200ರಲ್ಲಿ, ಆರ್‌ಟಿಎಸ್/ಸಿಟಿಎಸ್ (ಡೇಟಾ ಹೆಚ್ಚಾದರೆ ತಡೆದು ನಿಲ್ಲಿಸುವ ವ್ಯವಸ್ಥೆ) ಹಾಕಿ ಇರಲಿ. ಜಿಪ್ ಮಾಡಿದ್ದು ಮೊದಲೇ ಒತ್ತಿದ್ದು, ಅದಕ್ಕೆ ಲಾಭವಿಲ್ಲ.

ಮಳೆಗೆ ಕಡಿಯುವುದು ಲೈನಿನ ದೋಷ. ಸದ್ಯಕ್ಕೆ ಮೋಡೆಮ್‌ಗೆ ಈ ಆದೇಶ (ಇಂಗ್ಲಿಷ್ ಅಕ್ಷರದಲ್ಲಿ) ಕೊಟ್ಟು ವೇಗ ಕಟ್ಟಿ ಹಾಕಿ: ಎಟಿ+ಎಂಎಸ್=ವಿ34,1,300,19200. "ಎರರ್" ಬಂದರೆ ವಿ34ರ ಬದಲು 11 ಕೊಡಿ, ಹಳೆ ರಾಕ್‌ವೆಲ್ ಚಿಪ್ಪಿಗೆ ಅದು. ಜೊತೆಗೆ ಎಟಿಎಸ್10=50. ಕ್ಯಾರಿಯರ್ (ಎದುರಿನ ಮೋಡೆಮ್‌ನ ಸದ್ದು) ತಪ್ಪಿದರೆ ಸಾಮಾನ್ಯವಾಗಿ 1.4 ಸೆಕೆಂಡಿಗೇ ಫೋನ್ ಇಡುವ ಮೋಡೆಮ್ ಆಗ 5 ಸೆಕೆಂಡ್ ಕಾಯ್ತದೆ. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ಅದರ ಬೀಪ್ ಕೂಡ ಲೈನ್ ಕಡಿಸ್ತದೆ.

ಉತ್ತರ (ಕಾಪು)
ಮೊದಲು ಕಿವಿಯಿಂದ ಪರೀಕ್ಷಿಸಿ. ಮಳೆ ಬರುವಾಗಲೇ ರೋಸೆಟ್ ಪೆಟ್ಟಿಗೆಯಿಂದ (ಹೊರಗಿನ ಲೈನ್ ಮನೆಗೆ ಸೇರುವ ಪೆಟ್ಟಿಗೆ) ಒಳಗಿನ ವಯರೆಲ್ಲ ಬಿಡಿಸಿ, ಒಂದೇ ಫೋನ್ ನೇರ ಸಿಕ್ಕಿಸಿ, ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತ ಮೇಲೆ ಕರಕರ ಕೇಳಿದರೆ ದೋಷ ಹೊರಗೆ, ಡ್ರಾಪ್ ವಯರ್ (ಕಂಬದಿಂದ ಮನೆಗೆ ಬರುವ ತಂತಿ) ಅಥವಾ ಕಂಬದ ಜಾಯಿಂಟಿನಲ್ಲಿ. ಸದ್ದಿಲ್ಲದಿದ್ದರೆ ಮನೆಯೊಳಗಿನ ವಯರಿಂಗ್. ಕಡಲ ಕರೆಯ ಉಪ್ಪುಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುವುದು ಬೇಗ. ಹೊಸದಾಗಿ ತುಂಡರಿಸಿ, ಜೆಲ್ ತುಂಬಿದ ಕನೆಕ್ಟರ್ ಹಾಕಿ. ತಿರುಚಿ ಟೇಪ್ ಸುತ್ತಿದರೆ ನೀರು ಒಳಗೇ ನಿಲ್ಲುತ್ತದೆ. ಗುಡುಗು ಇರುವಾಗ ವಯರ್ ಮುಟ್ಟಲೇಬೇಡಿ.

ಪ್ರಶ್ನೆ (ಮಲ್ಪೆ)
ಒಳಗಿನದು ಬಿಡಿಸಿದರೂ ಕರಕರ ಉಂಟು.

ಉತ್ತರ (ಕಾಪು)
ಹಾಗಾದರೆ ಲೈನ್‌ಮ್ಯಾನ್ ಹತ್ತಿರ "ಇಂಟರ್ನೆಟ್ ಸ್ಲೋ" ಅನ್ನಬೇಡಿ, "ಮಾತಾಡುವಾಗ ಗದ್ದಲ, ಜೋಡಿ ಬದಲಿಸಿ ಕೊಡಿ" ಅನ್ನಿ (ಜೋಡಿ ಅಂದರೆ ನಿಮ್ಮ ಲೈನಿನ ಎರಡು ತಾಮ್ರದ ತಂತಿ). ಬಂದರಿನ ತುದಿಯಲ್ಲೂ ಇದೇ ಪರೀಕ್ಷೆ ಮಾಡಿಸಿ. ಒಂದು ಕಡೆ ಒದ್ದೆಯಾದರೂ ಎರಡೂ ಮೋಡೆಮ್ ಸೋಲ್ತವೆ.